ಮುಡಿಪು ಕಟ್ಟಿದ ಕೈ

ಬಾ, ಈ ಕಡೆ ಮಗ್ಗುಲಾಗು. ಕಾಲು ಮಾತ್ರ ಮೇಲೆ ಹಾಕ್ಬೇಡ, ನನ್ನ ಮಂಡಿ ಮೊದಲೇ ನೋಯ್ತಿದೆ. ನಾನು ಹೇಳ್ತಾ ಇರೋವಾಗ ನೀನು ಹ್ಞೂಂ ಅಂತಿರಬೇಕು, ಗೊತ್ತಾಯ್ತಾ? ನೀನು ಹ್ಞೂಂ ಅನ್ನೋದು ನಿಲ್ಲಿಸಿದ್ರೆ ಕತೇನೂ ಅಲ್ಲೇ ನಿಂತುಬಿಡತ್ತೆ, ಆಮೇಲೆ ಕತೆಯೊಳಗಿನ ಜನ ಎಲ್ಲಾ ಅರ್ಧ ದಾರೀಲಿ ನಿಂತ್ಕೊಂಡು ನಿನ್ನನ್ನ ಬೈತಾರೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬರದೇ ಇದ್ದ ಕಾಲದಲ್ಲಿ, ದೊಡ್ಡದೊಂದು ಹುಲ್ಲುಗಾವಲಿನ ಪಕ್ಕ ಒಂದು ಊರಿತ್ತಂತೆ. ಆ ಊರಿನವರಿಗೆ ಹಸು ಬಿಟ್ರೆ ಬೇರೆ ಬದುಕಿಲ್ಲ, ಬೆಣ್ಣೆ ಬಿಟ್ರೆ ಬೇರೆ ಮಾತಿಲ್ಲ. ಬೆಳಗಾಯ್ತು ಅಂದ್ರೆ ಮನೆಮನೆಯಲ್ಲೂ ಹೆಂಗಸರು ಗಡಿಗೆ ಮುಂದೆ ಕೂತು, ಕಡೆಗೋಲಿಗೆ ಹಗ್ಗ ಸುತ್ತಿ, ಸರಬರ ಸರಬರ ಅಂತ ಮಜ್ಜಿಗೆ ಕಡೆಯೋರಂತೆ. ಆ ಊರಲ್ಲಿ ಕ್ಯಾತಣ್ಣ ಅಂತ ಒಬ್ಬ, ಅವನ ಹೆಂಡತಿ ಸಣ್ಣೀರಮ್ಮ. ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಎಂಟನೇ ವರ್ಷ ಬಸುರಿಯಾದಾಗ ಕ್ಯಾತಣ್ಣನ್ನ ಹಿಡಿಯೋರೇ ಇಲ್ಲ, ದಿನಾ ಹೆಂಡತಿಗೆ ಬೆಣ್ಣೆ ತಿನ್ನಿಸಿದ್ದೇ ತಿನ್ನಿಸಿದ್ದು. ಅವ್ವನೂ ದುಂಡಗಾದ್ಲು, ಹೊಟ್ಟೆಯೊಳಗಿನ ಕೂಸೂ ದುಂಡಗಾಯ್ತು.

ಹೆರಿಗೆ ದಿನ ಬಂತಂತೆ. ಊರಿನ ಸೂಲಗಿತ್ತಿ ಓಬಕ್ಕ ಬಂದ್ಲಂತೆ. ಊರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದೋರು. ಕೂಸಿನ ತಲೆ ಏನೋ ಬಂತು, ಆದ್ರೆ ಕೂಸು ದಪ್ಪ ನೋಡು, ಭುಜ ಒಳಗೇ ಸಿಕ್ಕೊಂಡುಬಿಡ್ತು. ಎಳೀಬೇಕಾಯ್ತು. ಓಬಕ್ಕ ದೇವರೇ ಅಂತ ಎಳೆದ್ಲಂತೆ. ಹೊರಗೆ ಬಂದ ಕೂಸು ನೀಲಿ ಬಣ್ಣ, ಸದ್ದಿಲ್ಲ. ಓಬಕ್ಕ ಬೆನ್ನು ಉಜ್ಜಿ, ಅಂಗಾಲು ತಟ್ಟಿ, ಮೂಗು ಒರೆಸಿ ಏನೇನೋ ಮಾಡಿದ್ಮೇಲೆ ಕ್ವಾ ಅಂತ ಒಂದು ಕೂಗು ಬಂತು. ಹೆಣ್ಣುಕೂಸು. ಎಲ್ಲರೂ ಅತ್ತರು, ನಕ್ಕರು, ದೇವೀರಿ ಅಂತ ಹೆಸರಿಡೋಣ ಅಂದ್ಕೊಂಡ್ರು.

ಆಮೇಲೆ ಸಣ್ಣೀರಮ್ಮ ನೋಡ್ತಾಳೆ, ಕೂಸಿನ ಎಡಗೈ ಮುಷ್ಟಿ ಕಟ್ಕೊಂಡು ಗಾಳೀಲಿ ಗುದ್ದಾಡ್ತಾ ಇದೆ, ಬಲಗೈ ಮಾತ್ರ ಒಗೆದು ಹಾಕಿದ ಬಟ್ಟೆ ಹಾಗೆ ಪಕ್ಕದಲ್ಲಿ ಬಿದ್ದಿದೆ, ಅಂಗೈ ಹಿಂದಕ್ಕೆ ತಿರುಗಿಕೊಂಡಿದೆ. ನಿದ್ದೆ ಮಾಡ್ತಿರಬೇಕು ಆ ಕೈ, ಪಾಪ ಸುಸ್ತಾಗಿದೆ ಅಂದ್ಕೊಂಡ್ಲಂತೆ. ಮಾರನೇ ದಿನ ನೋಡಿದ್ರೂ ನಿದ್ದೆ. ಹತ್ತು ದಿನ ಆದ್ರೂ ನಿದ್ದೆ. ಹನ್ನೊಂದನೇ ದಿನ ತೊಟ್ಲಿಗೆ ಹಾಕೋ ಶಾಸ್ತ್ರಕ್ಕೆ ಬಂದವರೆಲ್ಲ ಅದನ್ನ ಕಂಡ್ರು. ಕಂಡ ಮೇಲೆ ಸುಮ್ಮನಿರ್ತಾರಾ? ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಒಬ್ಬಳು ಅಂದ್ಲಂತೆ, ಗ್ರಹಣದ ದಿನ ಇವಳು ಕುಂಬಳಕಾಯಿ ಹೆಚ್ಚಿರಬೇಕು ಅಂತ. ಇನ್ನೊಬ್ಬಳು, ಹೋದ ಜನ್ಮದಲ್ಲಿ ಯಾರ ಮೇಲೋ ಕೈ ಎತ್ತಿರಬೇಕು ಅಂತ. ಮೂರನೆಯವಳು, ಅಷ್ಟೊಂದು ಬೆಣ್ಣೆ ತಿಂದ್ರೆ ಇನ್ನೇನಾಗತ್ತೆ ಅಂತ. ಹೊಟ್ಟೆ ತುಂಬ ಹೋಳಿಗೆ ತಿಂದು ಆಡೋ ಮಾತಾ ಇದು? ನಾನಿದ್ದಿದ್ರೆ ಮೂವರಿಗೂ ಎಲೆ ಮುಂದೆನೇ ಛೀಮಾರಿ ಹಾಕ್ತಿದ್ದೆ.

ಸಣ್ಣೀರಮ್ಮ ಎಲ್ಲಾ ಕೇಳಿಸ್ಕೊಂಡ್ಲಂತೆ. ಗ್ರಹಣದ ದಿನ ನಾನು ಏನು ಹೆಚ್ಚಿದೆ, ಏನು ಮುಟ್ಟಿದೆ ಅಂತ ನೆನೆಸ್ಕೊಂಡು ನೆನೆಸ್ಕೊಂಡು ಒಳಗೊಳಗೇ ಬೆಂದ್ಲಂತೆ. ಕೊನೆಗೆ ತಡೆಯಕ್ಕಾಗದೆ ತಪ್ಪನ್ನೆಲ್ಲ ತಗೊಂಡು ಹೋಗಿ ಓಬಕ್ಕನ ತಲೆ ಮೇಲೆ ಹಾಕಿದ್ಲು. ಅವಳೇ ಎಳೆದಿದ್ದು, ಅವಳೇ ನನ್ನ ಮಗಳ ಕೈ ಹಾಳು ಮಾಡಿದ್ದು ಅಂತ. ತೊಟ್ಲಿಗೆ ಹಾಕೋ ದಿನ ಸೂಲಗಿತ್ತಿಗೆ ಮೊರದ ತುಂಬ ಅಕ್ಕಿ, ಸೀರೆ, ಕುಪ್ಪಸ ಕೊಟ್ಟು ಕಳಿಸೋದು ಪದ್ಧತಿ. ಓಬಕ್ಕ ಬಾಗಿಲಿಗೆ ಬಂದು, ಸಣ್ಣೀರಿ, ನಿನ್ನ ಹತ್ರ ಒಂದು ಮಾತಿದೆ ಕಣೆ ಅಂದ್ಲಂತೆ. ಸಣ್ಣೀರಮ್ಮ ಅವಳ ಮುಖದ ಮೇಲೇ ದಡಾರ್ ಅಂತ ಬಾಗಿಲು ಹಾಕಿದ್ಲಂತೆ.

ಹ್ಞೂಂ ಅನ್ನು. ಹಾಂ, ಹಂಗೆ.

ಆಮೇಲೆ ಏನು ಮಾಡಿದ್ಲು ಅಂತೀಯಾ? ಮುಡಿಪು ಅಂದ್ರೆ ಗೊತ್ತಲ್ಲ ನಿಂಗೆ, ಕಷ್ಟ ಬಂದಾಗ ದೇವರನ್ನ ನೆನೆಸ್ಕೊಂಡು ಅರಿಶಿನ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ತೊಲೆಗೆ ತೂಗುಹಾಕ್ತಾರೆ. ಕಷ್ಟ ತೀರೋವರೆಗೂ ಅದನ್ನ ಯಾರೂ ಬಿಚ್ಚಬಾರದು, ಮುಟ್ಟಬಾರದು. ತೀರಿದ ಮೇಲೆ ತಗೊಂಡು ಹೋಗಿ ದೇವರಿಗೆ ಒಪ್ಪಿಸೋದು. ಸಣ್ಣೀರಮ್ಮ ತನ್ನ ಧಾರೆ ಸೀರೆಯ ಸೆರಗು ಹರಿದು, ಅರಿಶಿನದಲ್ಲಿ ಅದ್ದಿ, ಆ ಬಟ್ಟೆಯಿಂದ ಕೂಸಿನ ಬಲಗೈನೇ ಎದೆಗೆ ಸೇರಿಸಿ ಕಟ್ಟಿಬಿಟ್ಲಂತೆ. ಪೂಜಾರಪ್ಪ ಬಂದು, ಅವ್ವಾ, ಮುಡಿಪಿಗೆ ಕಾಸು ಕಟ್ಟೋದು, ಕೈಯಲ್ಲ ಅಂತ ತಿಳಿಸಿ ಹೇಳಿದನಂತೆ. ನನ್ನ ಮಗಳ ಕೈ ಒಂದು ಕಾಸಿಗಿಂತ ಕಡೆನಾ ಸ್ವಾಮಿ ಅಂತ ಇವಳು ಕೇಳಿದ್ಲಂತೆ. ಅವನು ಪಾಪ ತಲೆ ಕೆರ್ಕೊಂಡು ಹೊರಟುಹೋದ. ಇನ್ನು ದೇವರೇ ಇದನ್ನ ಎಬ್ಬಿಸಬೇಕು, ಎದ್ದ ದಿನ ಬಿಚ್ತೀನಿ, ಅಲ್ಲೀವರೆಗೂ ಯಾರೂ ಮುಟ್ಟಬೇಡಿ ಅಂತ ಸಣ್ಣೀರಮ್ಮ ಎಲ್ಲರಿಗೂ ಹೇಳಿಟ್ಲು. ಸ್ನಾನಕ್ಕೆ ಮಾತ್ರ ಬಿಚ್ಚೋದು, ಆಗಲೂ ಕಣ್ಣು ಮುಚ್ಕೊಂಡು ನೀರು ಹುಯ್ದು ತಿರುಗಿ ಕಟ್ಟೋದು. ಕ್ಯಾತಣ್ಣ ಒಂದೆರಡು ಸಲ, ಕಟ್ಟಿದ ಹಸು ಮೇಯೋದು ಹೆಂಗೆ ಕಣೆ ಅಂದನಂತೆ. ಅವಳು ಗುರಾಯಿಸಿದ ಗುರಾಯಿಕೆಗೆ ಹಟ್ಟಿ ಕಡೆ ಹೊರಟುಹೋದ. ಗಂಡಸರಿಗೆ ಅದೊಂದು ದಾರಿ ಗೊತ್ತು ನೋಡು, ಮನೇಲಿ ಬಿಸಿ ಆದ್ರೆ ಹಸು ನೆನಪಾಗತ್ತೆ.

ಹಿಂಗೇ ಮೂರು ವರ್ಷ ಆಯ್ತಂತೆ. ದೇವೀರಿ ನಡೆದ್ಲು, ಓಡಿದ್ಲು, ಮಾತಂತೂ ಅರಳು ಹುರಿದ ಹಾಗೆ. ಎಲ್ಲಾದ್ರಲ್ಲೂ ಎಡಗೈಯೇ. ಎಡಗೈಯಲ್ಲಿ ಉಣ್ಣಬಾರದು ಅಂತ ಯಾರಾದ್ರೂ ಅಂದಾರು ಅಂತ ಅವ್ವನೇ ತುತ್ತು ಮಾಡಿ ತಿನ್ನಿಸೋಳು. ಮಗು ಚೊಂಬು ಎತ್ತಕ್ಕೆ ಹೋದ್ರೆ ಅವ್ವ ಮುಂಚೆ ಎತ್ತೋಳು. ಬಿದ್ರೆ ಏಳೋಕೆ ಮುಂಚೆನೇ ಎತ್ತೋಳು. ಪ್ರೀತಿ ಅದು, ಸುಳ್ಳಲ್ಲ. ಆದ್ರೆ ಪ್ರೀತಿ ಜಾಸ್ತಿಯಾದಾಗ ಕಣ್ಣಿಗೆ ಹೊಗೆ ಕವಿಯತ್ತೆ ಮರಿ, ನಂಗೂ ಆಗಿದೆ, ನಿಮ್ಮಪ್ಪನ್ನ ಕೇಳು.

ಒಂದು ದಿನ ಬೆಳಿಗ್ಗೆ ಸಣ್ಣೀರಮ್ಮ ಮಜ್ಜಿಗೆ ಕಡೀತಿದ್ಲಂತೆ. ದೇವೀರಿ ಎದುರಿಗೆ ಕೂತು ಆ ಕಡೆ ಈ ಕಡೆ ಓಡೋ ಹಗ್ಗನೇ ನೋಡ್ತಾ ಕೇಳಿದ್ಲಂತೆ, ಅವ್ವಾ, ಈ ಕೈ ಯಾರ್ದು? ದೇವರದು ಮಗಾ ಅಂದ್ಲು ಅವ್ವ. ನಂದಲ್ವಾ? ದೇವರು ಎಬ್ಬಿಸಿದ ಮೇಲೆ ನಿಂದು. ಮಗು ಎಡಗೈಯಿಂದ ಆ ಅರಿಶಿನ ಬಟ್ಟೆ ಸವರಿತಂತೆ. ಆಮೇಲೆ, ಹಂಗಾದ್ರೆ ದೇವರಿಗೆ ಅವನ ಹತ್ರನೇ ಇಟ್ಕೋ ಅಂತ ಹೇಳವ್ವಾ, ನಂಗೆ ಹೊತ್ತೂ ಹೊತ್ತೂ ಸಾಕಾಗಿದೆ ಅಂದಿತಂತೆ.

ಸಣ್ಣೀರಮ್ಮನ ಕೈ ಹಗ್ಗದ ಮೇಲೇ ನಿಂತುಹೋಯ್ತಂತೆ. ಎದ್ದು ಬಂದು ಆ ಅರಿಶಿನ ಬಟ್ಟೆ ಬಿಚ್ಚಿದ್ಲು. ಮೂರು ವರ್ಷದಲ್ಲಿ ಮೊದಲನೇ ಸಲ ಕಣ್ಣು ಬಿಟ್ಕೊಂಡು ನೋಡಿದ್ಲು. ಆ ಕೈ ಎಡಗೈಗಿಂತ ಎರಡು ಬೆರಳಷ್ಟು ಗಿಡ್ಡ. ಸಣಕಲು. ಮೊಣಕೈ ಮಡಚಿದ್ದು ಮಡಚಿದ ಹಾಗೇ ಕೂತಿದೆ, ಬಿಡಿಸಿದ್ರೆ ಪೂರ್ತಿ ಬಿಡಿಸ್ಕೊಳ್ಳಲ್ಲ. ಹುಟ್ಟಿದಾಗ ಹಿಂಗಿರಲಿಲ್ಲ, ಇದು ಕಟ್ಟಿಟ್ಟಿದ್ದಕ್ಕೆ ಆಗಿದ್ದು ಅಂತ ಅವಳಿಗೆ ಆಗ ಹೊಳೀತಂತೆ. ಅವಳು ಅಳಲಿಲ್ಲವಂತೆ. ಅಳು ಬರೋದಕ್ಕೂ ಒಂದಿಷ್ಟು ಧೈರ್ಯ ಬೇಕು.

ಆಮೇಲೆ ಆ ಬಟ್ಟೆ ಮಡಚಿ, ಒಂದು ತೆಂಗಿನಕಾಯಿ ತಗೊಂಡು ಗುಡಿಗೆ ಹೋದ್ಲಂತೆ. ಸ್ವಾಮೀ, ನಿನಗೆ ಕಟ್ಟಿದ್ದನ್ನ ನಾನೇ ಬಿಚ್ಚಿದ್ದೀನಿ. ಅದು ನಿಂದೂ ಅಲ್ಲ, ನಂದೂ ಅಲ್ಲ, ನನ್ನ ಮಗಳದು. ಶಾಪ ಕೊಡೋದಾದ್ರೆ ನಂಗೆ ಕೊಡು ಅಂದ್ಲಂತೆ. ದೇವರು ಏನೂ ಅನ್ನಲಿಲ್ಲ. ಪೂಜಾರಪ್ಪ ಕಾಯಿ ಒಡೆದು ಅರ್ಧ ಹೋಳು ಅವಳ ಕೈಗೇ ಕೊಟ್ಟನಂತೆ, ಮಗೀಗೆ ತಿನ್ನಿಸವ್ವಾ ಅಂತ.

ಆಮೇಲೆ ಯಾರೋ ಹೇಳಿದ್ರು ಅಂತ ಪೇಟೆಗೆ ಹೋದ್ಲಂತೆ. ಅಲ್ಲೊಬ್ಬ ಪೈಲ್ವಾನ, ಉಳುಕು ತೆಗೆಯೋನು, ಮೂಳೆ ಕೂರಿಸೋನು, ಮೀಸೆಯಂತೂ ಎಮ್ಮೆ ಕೊಂಬಿನ ಹಾಗೆ. ಇದೇನು ಮಹಾ, ಒಂದೇ ಏಟಿಗೆ ನೆಟ್ಟಗೆ ಮಾಡ್ತೀನಿ ಅಂದೋನೇ ಮಗುವಿನ ಕೈ ಹಿಡಿದು ಜಗ್ಗಿದನಂತೆ. ಆ ಮಗು ಕಿರುಚಿದ್ದು ಕಿರುಚಿದ್ದೇ, ಬೀದಿ ಜನ ಓಡಿಬಂದ್ರು. ಸಣ್ಣೀರಮ್ಮ ಮಗಳನ್ನ ಕಿತ್ಕೊಂಡು, ನಿನ್ನ ಮೀಸೆಗೆ ಬೆಂಕಿ ಬೀಳ ಅಂತ ಬೈದು, ತಿರುಗಿ ನೋಡದೆ ಊರಿಗೆ ಬಂದ್ಲಂತೆ. ಕೈ ಬಾತುಕೊಂಡಿತ್ತು. ಬಾವೇನೋ ಎಂಟು ದಿನಕ್ಕೆ ಇಳೀತು, ಮಗುವಿನ ಹೆದರಿಕೆ ಇಳೀಲಿಲ್ಲ. ಅವತ್ತಿಂದ ಬಲಗೈ ಹತ್ರ ಯಾರ ಬೆರಳು ಬಂದ್ರೂ ಚೀರೋದು. ಅವ್ವ ಬಂದ್ರೂ ಚೀರೋದು.

ಕಟ್ಟಿಟ್ಟು ಕೆಡಿಸಿದ್ದೂ ಆಯ್ತು, ಎಳೆಸಿ ನೋಯಿಸಿದ್ದೂ ಆಯ್ತು. ಇನ್ನೇನು ಉಳೀತು ಹೇಳು?

ಹಿಂಗಿರೋವಾಗ ಪಕ್ಕದ ಮನೆ ಹಸು ಕರು ಹಾಕಕ್ಕೆ ಒದ್ದಾಡಿತಂತೆ. ಓಬಕ್ಕನೇ ಬಂದು ಕರು ಎಳೆದ್ಲಂತೆ, ಮನುಷ್ಯರಿಗೂ ದನಕ್ಕೂ ಅವಳೊಬ್ಬಳೇ ತಾನೇ. ಕರು ಬದುಕಿತು, ಆದ್ರೆ ಎಳೆದ ಮುಂಗಾಲು ನೆಲಕ್ಕೆ ಊರದೆ ಎಳ್ಕೊಂಡು ಓಡಾಡ್ತಿತ್ತು. ಸಣ್ಣೀರಮ್ಮ ಬೇಲಿ ಈ ಕಡೆಯಿಂದ ನೋಡ್ತಾಳೆ, ಓಬಕ್ಕ ದಿನಾ ಮೂರು ಹೊತ್ತು ಬರೋದು, ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಳ್ಳೋದು, ಕರು ಕಾಲನ್ನ ನಿಧಾನಕ್ಕೆ ಮಡಚೋದು, ಬಿಡಿಸೋದು, ಮಡಚೋದು, ಬಿಡಿಸೋದು. ಕರು ಕಾಲು ಹಿಂದಕ್ಕೆ ಎಳ್ಕೊಂಡ್ರೆ ತಕ್ಷಣ ಬಿಟ್ಟುಬಿಡೋದು. ಇಪ್ಪತ್ತು ದಿನಕ್ಕೆ ಕರು ಕುಂಟ್ಕೊಂಡಾದ್ರೂ ಆ ಕಾಲು ಊರಿ ನಿಂತಿತಂತೆ. ಅವತ್ತು ಸಣ್ಣೀರಮ್ಮ ಬೇಲಿ ದಾಟಿದ್ಲು.

ಓಬಕ್ಕ ತಲೆ ಎತ್ತಲಿಲ್ಲವಂತೆ. ಕರು ಕಾಲು ನೀವ್ತಾನೇ ಹೇಳಿದ್ಲು, ಎಳೆದಿದ್ದು ನಾನೇ ಕಣೆ ಸಣ್ಣೀರಿ. ಭುಜ ಸಿಕ್ಕೊಂಡಿತ್ತು, ಇನ್ನೊಂಚೂರು ತಡವಾಗಿದ್ರೆ ಕೂಸಿನ ಉಸಿರು ಹೋಗ್ತಿತ್ತು. ಎಳೆದಿದ್ದು ಹೆಚ್ಚಾಯ್ತೋ ಏನೋ, ಮೂರು ವರ್ಷದಿಂದ ಈ ನನ್ನ ಕೈ ನೋಡ್ಕೊಂಡು ಕೇಳ್ಕೋತಾನೇ ಇದ್ದೀನಿ. ನೀನು ಕುಂಬಳಕಾಯಿ ಹೆಚ್ಚಿದ್ದಕ್ಕಲ್ಲ, ಯಾರ ಜನ್ಮದ ಪಾಪಾನೂ ಅಲ್ಲ. ಕತ್ತಿಂದ ಕೈಗೆ ಇಳಿಯೋ ನರ ಜಗ್ಗಿ ನೊಂದಿದೆ. ಮೂರೂ ಹೊತ್ತು ಆಡಿಸು, ಕೀಲು ಹಿಡ್ಕೊಳ್ಳಕ್ಕೆ ಬಿಡಬೇಡ ಅಂತ ಹೇಳೋಕೇ ಅವತ್ತು ಬಾಗಿಲಿಗೆ ಬಂದಿದ್ದೆ.

ಯೋಚನೆ ಮಾಡು ಮರಿ, ಸಣ್ಣೀರಮ್ಮನಿಗೆ ಹೆಂಗಾಗಿರಬೇಕು. ಕರುವಿನ ಪಕ್ಕ ಕೂತ್ಲಂತೆ. ಆಮೇಲೆ ಸಿಟ್ಟು ಬಂತಂತೆ, ನಾನು ಹೊಸ ಬಾಣಂತಿ, ಬುದ್ಧಿ ನೆಟ್ಟಗಿರಲಿಲ್ಲ, ನೀನು ಇನ್ನೊಂದು ಸಲ ಬಾಗಿಲು ತಟ್ಟಬಾರದಿತ್ತಾ ಓಬಕ್ಕಾ ಅಂತ ಕೂಗಿದ್ಲಂತೆ. ತಟ್ಟಬೇಕಿತ್ತು ಕಣವ್ವಾ, ನಂಗೆ ಮುಖ ಇರಲಿಲ್ಲ, ಅದು ನನ್ನ ತಪ್ಪು ಅಂದ್ಲಂತೆ ಓಬಕ್ಕ. ಅಷ್ಟು ಹೊತ್ತಿಗೆ ಇಬ್ಬರಿಗೂ ಅಳು ಬಂದಿತ್ತು. ಕರು ಇಬ್ಬರ ಮುಖಾನೂ ನೆಕ್ಕಿತಂತೆ, ಅದಕ್ಕೆ ಉಪ್ಪು ಸಿಕ್ಕಿದ್ರೆ ಸಾಕು.

ಆಮೇಲೆ ಓಬಕ್ಕ ಹೇಳಿದ್ಲಂತೆ, ಕೈ ಪೂರ್ತಿ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ. ಬೇಗ ಶುರು ಮಾಡಿದ್ರೆ ಜಾಸ್ತಿ ಬರ್ತಿತ್ತು, ಈಗ ಎಷ್ಟು ಬರತ್ತೋ ಅಷ್ಟು. ಮೂರು ಮಾತು ನೆನಪಿಟ್ಕೋ. ಮಗು ಸಾಕು ಅಂದ ಕಡೆ ನಿಲ್ಲಿಸು. ಒಂದು ದಿನಾನೂ ತಪ್ಪಿಸಬೇಡ. ಮೂರನೇದು, ಅವಳು ಮಾಡೋ ಕೆಲಸ ನೀನು ಮಾಡಬೇಡ. ಸಣ್ಣೀರಮ್ಮ ಇಷ್ಟೇನಾ ಅಂದ್ಲಂತೆ. ಇಷ್ಟೇ, ಮೂರನೇದು ನಿನ್ನ ಪ್ರಾಣ ತಿನ್ನತ್ತೆ ನೋಡ್ತಿರು ಅಂದ್ಲಂತೆ ಓಬಕ್ಕ.

ಏಯ್, ಮಲಗಿದ್ಯಾ? ಇಲ್ವಾ? ಸರಿ.

ಮೊದಲನೇದೇ ಕಷ್ಟ ಆಯ್ತಂತೆ, ಮಗು ಮುಟ್ಟಕ್ಕೇ ಬಿಡಲ್ಲವಲ್ಲ. ಸಣ್ಣೀರಮ್ಮ ಎರಡು ದಿನ ಪುಸಲಾಯಿಸಿದ್ಲು, ಬೆಲ್ಲ ತೋರಿಸಿದ್ಲು, ಏನೂ ನಡೀಲಿಲ್ಲ. ಮೂರನೇ ದಿನ ತಾನೇ ಮಗಳ ಮುಂದೆ ಕೂತು ತನ್ನ ಬಲಗೈನ ಅವಳ ಮಡಿಲಲ್ಲಿ ಹಾಕಿ, ನನ್ನ ಕೈ ನಿದ್ದೆ ಹೋಗಿದೆ ಮಗಾ, ಒಂಚೂರು ಎಬ್ಬಿಸ್ತೀಯಾ ಅಂದ್ಲಂತೆ. ದೇವೀರಿ ತನ್ನ ಎಡಗೈಯಿಂದ ಅವ್ವನ ಕೈ ಎತ್ತಿದ್ಲು, ಮಡಚಿದ್ಲು, ಬಿಡಿಸಿದ್ಲು. ಅಬ್ಬಾ ನೋವು, ಸಾಕು ಅಂದ್ಲು ಅವ್ವ. ತಕ್ಷಣ ಬಿಟ್ಟುಬಿಟ್ಲು ಮಗಳು. ನಾನು ಸಾಕು ಅಂದ್ರೆ ನೀನೂ ಬಿಡ್ತೀಯಾ ಅಂತ ಕೇಳಿದ್ಲಂತೆ. ಬಿಡ್ತೀನಿ. ಆಣೆ? ಆಣೆ. ಆಮೇಲೆ ಮೆಲ್ಲಗೆ ಮೈ ತಿರುಗಿಸಿ ಆ ಸಣ್ಣ ಕೈನ ಅವ್ವನ ಮುಂದೆ ತಂದ್ಲಂತೆ. ಅವತ್ತು ಎರಡು ಸಲ ಮಡಚೋ ಹೊತ್ತಿಗೆ ಸಾಕು ಅಂದ್ಲು. ಎರಡಕ್ಕೇ ನಿಲ್ಲಿಸಿದ್ಲು ಸಣ್ಣೀರಮ್ಮ. ಮಾರನೇ ದಿನ ನಾಲ್ಕಾಯ್ತು.

ಎರಡನೇ ಮಾತು, ದಿನ ತಪ್ಪಿಸಬಾರದು ಅನ್ನೋದು. ಹಬ್ಬ ಇರಲಿ, ಜ್ವರ ಇರಲಿ, ನೆಂಟರು ಬರಲಿ, ಮೂರೂ ಹೊತ್ತು ಕೈ ಆಡಿಸಬೇಕು. ಒಂದು ತಿಂಗಳಾಯ್ತು, ಮೂರು ತಿಂಗಳಾಯ್ತು, ಕೈ ತಾನಾಗಿ ಒಂದು ಅಂಗುಲಾನೂ ಏಳಲಿಲ್ಲವಂತೆ. ಒಂದು ದಿನ ಸಣ್ಣೀರಮ್ಮ ಸೋತು ಗೋಡೆಗೆ ಒರಗಿ ಕೂತುಬಿಟ್ಲು, ಇನ್ನು ನನ್ನ ಕೈಲಾಗಲ್ಲ ಅಂತ. ಆಗ ಹಸು ನೆನಪು ಮಾಡ್ಕೊಂಡು ಹೋಗ್ತಿದ್ದ ಕ್ಯಾತಣ್ಣ ಇದ್ದನಲ್ಲ, ಅವನು ಕೈಕಾಲು ತೊಳ್ಕೊಂಡು ಬಂದು, ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು, ಬಾ ಮಗಾ ಅಂತ ಕೂತನಂತೆ. ಅವತ್ತಿಂದ ಮಧ್ಯಾಹ್ನದ ಪಾಳಿ ಅಪ್ಪನದು. ಮೊದಲೇ ಮಾಡಬಹುದಿತ್ತು ಮಹಾರಾಯ. ಇರಲಿ, ಬಂದನಲ್ಲ.

ಇನ್ನು ಮೂರನೇದು. ದೇವೀರಿಗೆ ಮಜ್ಜಿಗೆ ಕಡೀಬೇಕು ಅಂತ ಆಸೆ. ಎರಡು ಕೈ ಕೆಲಸ ಅದು ಮಗಾ, ಬೇಡ ಅಂತ ಅವ್ವನ ನಾಲಗೆ ತುದೀಗೆ ಬಂತಂತೆ, ನುಂಗ್ಕೊಂಡ್ಲು. ಸಣ್ಣ ಗಡಿಗೆ ಇಟ್ಟು ಹಗ್ಗ ಸುತ್ತಿಕೊಟ್ಲು. ಮಗು ಎಡಗೈಯಿಂದ ಬಲಗೈ ಬೆರಳುಗಳನ್ನ ಒಂದೊಂದಾಗಿ ಹಗ್ಗದ ತುದಿಗೆ ಸುತ್ತಿತು, ಆಮೇಲೆ ಎಡಗೈಯಲ್ಲಿ ಇನ್ನೊಂದು ತುದಿ ಎಳೀತು. ಎಡಗೈ ಹಿಂದಕ್ಕೆ ಹೋದ್ರೆ ಹಗ್ಗ ಬಲಗೈನ ಮುಂದಕ್ಕೆ ಕರ್ಕೊಂಡು ಹೋಗತ್ತೆ, ನೋಡಿದ್ಯಾ? ಆದ್ರೆ ಮುಂದೆ ಹೋದ ಕೈ ಹಿಂದೆ ಬರಬೇಕಲ್ಲ, ಅದು ಬರಲಿಲ್ಲ. ಬೆರಳು ಜಾರಿತು, ಗಡಿಗೆ ವಾಲಿತು, ಮಜ್ಜಿಗೆಯೆಲ್ಲ ನೆಲದ ಪಾಲು. ಸಣ್ಣೀರಮ್ಮನ ಎರಡೂ ಕೈ ತಾವಾಗೇ ಮುಂದೆ ಹೋದವಂತೆ. ಅವಳು ತನ್ನ ಕೈ ತನ್ನ ತೊಡೆ ಕೆಳಗೆ ಇಟ್ಕೊಂಡು, ಅದರ ಮೇಲೇ ಕೂತು, ಸೆರಗು ಬಾಯಿಗೆ ಕಚ್ಕೊಂಡ್ಲಂತೆ. ಮಗು ಅತ್ತಿತು. ತಾನೇ ಗಡಿಗೆ ಎತ್ತಿ ನಿಲ್ಲಿಸಿತು. ಮತ್ತೆ ಬೆರಳು ಸುತ್ತಿತು. ಹತ್ತು ಸಲ ಜಾರಿತು, ಹನ್ನೊಂದನೇ ಸಲ ಸುತ್ತಿತು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, ಇದೇನೇ, ಕೈಲಾಗದ ಮಗೀಗೆ ಹಿಂಗೆ ಗೋಳು ಹುಯ್ಕೋತಿದ್ದೀಯಾ, ನೀನು ತಾಯಿನಾ ಅಂದ್ಲಂತೆ. ಸಣ್ಣೀರಮ್ಮ ಸೆರಗನ್ನ ಇನ್ನೂ ಗಟ್ಟಿಯಾಗಿ ಕಚ್ಕೊಂಡ್ಲಂತೆ.

ಹಿಂಗೆ ದಿನ ಹೋಯ್ತು. ಮೊದಲು ಬೆರಳು ಹಗ್ಗ ಬಿಡದೆ ಹಿಡ್ಕೊಂಡವಂತೆ. ಆಮೇಲೆ ಮೊಣಕೈ ಒಂಚೂರು ಸಡಿಲ ಆಯ್ತು. ಆಮೇಲೆ ಮುಂದೆ ಹೋದ ಕೈ ತೂಕಡಿಸ್ಕೊಂಡು ತೂಕಡಿಸ್ಕೊಂಡು ಹಿಂದೆ ಬರಕ್ಕೆ ಶುರುವಾಯ್ತು. ಬೆಳಿಗ್ಗೆ ಶುರು ಮಾಡಿದ ಬೆಣ್ಣೆ ಮಧ್ಯಾಹ್ನಕ್ಕೆ ಬರೋದು, ಅದೂ ನೀರು ನೀರು. ಅದನ್ನ ಯಾರು ಕೊಳ್ತಾರೆ, ಮನೆಯವರೇ ರೊಟ್ಟಿಗೆ ಹಚ್ಕೊಂಡು ತಿಂದ್ರು. ಕ್ಯಾತಣ್ಣ ಇಂಥ ಬೆಣ್ಣೆ ನಾನು ಹುಟ್ಟಿದಾಗಿಂದ ತಿಂದಿಲ್ಲ ಅನ್ನೋನಂತೆ. ನಿಜ ಹೇಳಿದನೋ ಸುಳ್ಳು ಹೇಳಿದನೋ ಅವನಿಗೇ ಗೊತ್ತು.

ದೇವೀರಿಗೆ ಆರು ವರ್ಷ ಆಯ್ತಂತೆ. ಒಂದು ದಿನ ಸಣ್ಣೀರಮ್ಮ ಮೊಣಕೈವರೆಗೂ ಬೆಣ್ಣೆ ಮಾಡ್ಕೊಂಡು ಉಂಡೆ ಕಟ್ತಾ ಇದ್ಲು. ದೇವೀರಿ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಚೊಂಬು ಹಿಡ್ಕೊಂಡು ತಣ್ಣೀರು ಹುಯ್ತಾ ಇದ್ಲು. ಗಾಳಿ ಬೀಸಿ ಸಣ್ಣೀರಮ್ಮನ ಕೂದಲು ಕಣ್ಣಿಗೆ ಬಿತ್ತಂತೆ. ತಲೆ ಕೊಡವಿದ್ಲು, ಹೋಗಲಿಲ್ಲ. ಊದಿದ್ಲು, ಹೋಗಲಿಲ್ಲ. ಆಗ ಒಂದು ಕೈ ಬಂತಂತೆ. ಸಣಕಲು ಕೈ, ಎರಡು ಬೆರಳಷ್ಟು ಗಿಡ್ಡ ಇರೋ ಕೈ, ನಿಧಾನಕ್ಕೆ ನಡುಗ್ಕೊಂಡು ಮೇಲೆ ಬಂದು, ಅವ್ವನ ಕಣ್ಣ ಮೇಲಿನ ಕೂದಲು ಸರಿಸಿ ಕಿವಿ ಹಿಂದೆ ಸಿಕ್ಕಿಸಿ, ಕೆಳಗೆ ಇಳೀತಂತೆ.

ಮಗೀಗೆ ಗೊತ್ತೇ ಆಗಿಲ್ಲ. ನೀರು ಸಾಕಾ ಅವ್ವಾ ಅಂತ ಕೇಳಿದ್ಲಂತೆ. ಸಣ್ಣೀರಮ್ಮನಿಗೆ ಕೂಗಿ ಊರೆಲ್ಲ ಕರೀಬೇಕು ಅನ್ನಿಸ್ತಂತೆ, ಆ ಕೈ ಹಿಡ್ಕೊಂಡು ಮುದ್ದಿಸಬೇಕು ಅನ್ನಿಸ್ತಂತೆ. ಏನೂ ಮಾಡಲಿಲ್ಲ. ಅವಳ ಕೈ, ಅವಳ ಕೆಲಸ, ಮಾಡಿದ್ಲು ಅಂದ್ಕೊಂಡು, ಇನ್ನೊಂಚೂರು ಹುಯ್ಯಿ ಮಗಾ ಅಂದ್ಲಂತೆ.

ಆಮೇಲೆ ಆ ಕೈ ಎಷ್ಟು ಬಂತು ಅಂದ್ರೆ ಅಷ್ಟೇ ಬಂತು, ಕೆನ್ನೆವರೆಗೆ, ಕಿವಿವರೆಗೆ. ತಲೆ ಮೇಲಕ್ಕೆ ಕೊನೇವರೆಗೂ ಏಳಲಿಲ್ಲವಂತೆ. ದೇವೀರಿ ದೊಡ್ಡವಳಾದ್ಲು, ಊಟಕ್ಕೆ ಯಾವ ಕೈ ಬೇಕೋ ಆ ಕೈಯಲ್ಲಿ ಉಂಡ್ಲು, ಅವಳು ಕಡೆದ ಬೆಣ್ಣೆ ಕೊಳ್ಳೋಕೆ ಮೂರು ಊರಿಂದ ಜನ ಬರೋರು. ಮದುವೆ ಮಾತಾಡಕ್ಕೆ ಬಂದ ಬೀಗಿತ್ತಿ ಒಬ್ಬಳು ಮೆಲ್ಲಗೆ ಕೇಳಿದ್ಲಂತೆ, ಹುಡುಗಿ ಕೈ ಮೇಲಕ್ಕೆ ಏಳಲ್ವಂತಲ್ಲ ಅಂತ. ಸಣ್ಣೀರಮ್ಮ ಉತ್ತರ ಕೊಡಕ್ಕೆ ಬಾಯಿ ತೆಗೆದೋಳು ಹಂಗೇ ಮುಚ್ಕೊಂಡು ಮಗಳ ಕಡೆ ನೋಡಿದ್ಲು. ದೇವೀರಿ ನಕ್ಕು ಹೇಳಿದ್ಲಂತೆ, ನನ್ನ ಕೆಲಸ ಎಲ್ಲಾ ಇಲ್ಲೇ ಕೆಳಗಿದೆ ಅತ್ತೆ, ಆಕಾಶದಲ್ಲಿ ನಂಗೇನು ಕೆಲಸ? ಬೀಗಿತ್ತಿ ನಕ್ಕೂ ನಕ್ಕೂ ಅಲ್ಲೇ ತಾಂಬೂಲ ಬದಲಾಯಿಸಿದ್ಲಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ. ಕತೆ ಮುಗೀತು. ಹ್ಞೂಂ ಅನ್ನೋ ಬಾಯೂ ಆಗಲೇ ಮುಚ್ಚಿದೆ, ಹೊದಿಕೆ ಮಾತ್ರ ಎಳ್ಕೊಂಡಿಲ್ಲ... ಇರಲಿ, ಚಳಿಯಾದ್ರೆ ತಾನೇ ಎಳ್ಕೋತಾಳೆ.